ಒಂದೇ ಬಾಟಲಿ

"ಟೀಚರ್, ಇದರಾಗ ಏನ್ ಬರದಾರ ಒಂದಿಷ್ಟ ಓದಿ ಹೇಳ್ರಿ. ಎಲ್ಲಾ ಇಂಗ್ಲಿಷಿನ್ಯಾಗ ಐತಿ."

ಗೊಲ್ಲಾಳಮ್ಮ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಬೋನಾಳದಿಂದ ಸುರಪುರದ ಶಾಲೆಯವರೆಗೆ ಸೈಕಲ್ ತುಳಿದು ಬಂದಿದ್ದರೂ ಅವಳಿಗೆ ಏದುಸಿರು ಇರಲಿಲ್ಲ. ಹಂಪಮ್ಮ ಟೀಚರ್ ಆಟದ ಸಾಮಾನಿನ ಕೋಣೆಯಲ್ಲಿ ವಾಲಿಬಾಲ್ ನೆಟ್ಟಿನ ಗಂಟು ಬಿಡಿಸುತ್ತ ಕೂತಿದ್ದರು. ಲಕೋಟೆಯ ಮೇಲೆ ದಿಲ್ಲಿಯ ಮುದ್ರೆ ಕಂಡ ಕೂಡಲೇ ಒಳಗೆ ಏನಿದೆಯೆಂದು ಅವರಿಗೆ ತಿಳಿಯಿತು. ಆದರೂ ಓದಿದರು.

"ನಿನ್ನ ಮೂತ್ರದಾಗ ಔಷಧ ಸಿಕ್ಕೈತಂತ, ಗೊಲ್ಲಾಳಿ. ತಗೋಬಾರದಂಥಾದ್ದು. ಇವತ್ತಿನಿಂದ ಎಲ್ಲಾ ರೇಸ್ ಬಂದ್. ಇಪ್ಪತ್ತು ದಿನದಾಗ ಜವಾಬು ಕೊಡಬೇಕಂತ."

ಹುಡುಗಿ ನೆಟ್ಟಿನ ಗಂಟಿನ ಮೇಲೆ ಕಣ್ಣಿಟ್ಟೇ ಕೇಳಿದಳು:

"ರೇಣುಗೂ ಬಂದೈತೇನ್ರಿ ಇಂಥಾ ಕಾಗದ?"

ಹಂಪಮ್ಮ ಕಾಗದವನ್ನು ಮಡಚಿ ಮತ್ತೆ ಲಕೋಟೆಯೊಳಗೆ ಹಾಕಿದರು.

ಐದು ವರ್ಷದ ಹಿಂದೆ ಕಾಲುವೆ ದಂಡೆಯ ರಸ್ತೆಯಲ್ಲಿ ಈ ಹುಡುಗಿಯನ್ನು ಮೊದಲು ಗುರುತಿಸಿದವರು ಅವರೇ. ಕಾಲುವೆ ಬಂದ ಮೇಲೆ ಹುಲ್ಲುಗಾವಲೆಲ್ಲ ಭತ್ತದ ಗದ್ದೆಯಾಗಿ, ಗೊಲ್ಲಾಳಮ್ಮನ ಮನೆಯವರು ಕುರಿಗೆ ದೂರದಿಂದ ಮೇವು ತರಬೇಕಾಗಿತ್ತು. ಕ್ಯಾರಿಯರಿನ ಮೇಲೆ ಹೊರೆ ಕಟ್ಟಿಕೊಂಡು ಎದುರುಗಾಳಿಯಲ್ಲಿ ಟಂಟಂ ಗಾಡಿಯನ್ನು ಹಿಂದೆ ಹಾಕಿ ಹೋದವಳನ್ನು ಹಂಪಮ್ಮ ಕೂಗಿ ನಿಲ್ಲಿಸಿದ್ದರು. ಸೈಕಲ್ ಸಂಘದ ಅಧ್ಯಕ್ಷ ಬಸವಂತರಾಯರ ಹತ್ತಿರ ಕಾಡಿ ಬೇಡಿ ರೇಸಿನ ಸೈಕಲ್ ಕೊಡಿಸಿದ್ದರು. ಶಾಲೆಯೂ ಬಸವಂತರಾಯರದೇ.

ಕಳೆದ ತಿಂಗಳ ಸುರಪುರ–ಶಹಾಪುರ ರೇಸಿನಲ್ಲಿ ಮೊದಲ ಮೂವರಿಗೆ ರಾಷ್ಟ್ರೀಯ ಶಿಬಿರ, ಅಲ್ಲಿಂದ ರೈಲ್ವೆ ನೌಕರಿಯ ದಾರಿ. ಆ ಬೆಳಿಗ್ಗೆ ಏಳನೇ ತರಗತಿಯ ಕೋಣೆಯಲ್ಲಿ ಸಂಘದವರು ಕರೆಸಿದ್ದ ಕಂಪೌಂಡರ್ ಈಶಪ್ಪ ಸಣ್ಣ ಬಾಟಲಿಯೊಂದನ್ನು ತೆಗೆದ. ಮೊದಲು ಬಸವಂತರಾಯರ ತಮ್ಮನ ಮಗಳು ರೇಣುಗೆ ಚುಚ್ಚಿದ, ಆಮೇಲೆ ಗೊಲ್ಲಾಳಮ್ಮನಿಗೆ.

"ಇದೇನ್ರಿ ಟೀಚರ್?" ಎಂದು ಅವಳು ಕೇಳಿದ್ದಳು.

"ಶಕ್ತಿದು. ಕಣ್ಣ ಮುಚ್ಚು," ಎಂದು ಹಂಪಮ್ಮನೇ ಅವಳ ಮೊಣಕೈ ಹಿಡಿದಿದ್ದರು. ಬಾಟಲಿಯ ಮೇಲಿನ ಹೆಸರು ಓದುವಷ್ಟು ಹತ್ತಿರದಲ್ಲೇ ಇದ್ದರು. ಓದಲಿಲ್ಲ.

ರೇಣು ಮೊದಲು ಬಂದಳು, ಗೊಲ್ಲಾಳಮ್ಮ ಮೂರನೆಯವಳು. ಅಷ್ಟರಲ್ಲಿ ಯಾರಿಗೂ ಹೇಳದೆ ಕೇಳದೆ ದಿಲ್ಲಿಯಿಂದ ಮೂತ್ರ ಪರೀಕ್ಷೆಯವರು ಬಂದಿಳಿದಿದ್ದರು. ಹುಡುಗಿಯರನ್ನು ಕರೆದು ತರಲು ಅವರಿಗೆ ಒಬ್ಬ ಹೆಂಗಸು ಬೇಕಾಗಿತ್ತು. ಬಸವಂತರಾಯರು ಹಂಪಮ್ಮನನ್ನು ತೋರಿಸಿದರು. ಮೊದಲನೆಯವಳದು, ಮೂರನೆಯವಳದು, ಪರೀಕ್ಷೆಗೆ ಕರೆಯುವ ಎರಡೂ ಚೀಟಿ ಹಂಪಮ್ಮನ ಕೈಗೇ ಬಂದವು.

ಪೆಂಡಾಲಿನ ಹಿಂದೆ ಬಸವಂತರಾಯರು ಎದುರಾದರು. "ಟೀಚರ್, ನಮ್ಮ ಹುಡುಗಿಗಿ ವಾಂತಿ ಆಗಾಕತ್ತಾವ. ದವಾಖಾನಿಗಿ ಕಳಸೀನಿ. ನಿಮಗ ಸಿಗಲಿಲ್ಲಂತ ಬರದು ಬಿಡ್ರಿ."

ಕಾರು ಇನ್ನೂ ಅಲ್ಲೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ರೇಣು ಮೋಸಂಬಿ ಸುಲಿದು ತಿನ್ನುತ್ತಿದ್ದಳು. ಹಂಪಮ್ಮ ಅವಳ ಚೀಟಿಯ ಮೇಲೆ 'ಸಿಗಲಿಲ್ಲ' ಎಂದು ಬರೆದು ಸಹಿ ಮಾಡಿದರು. ಆಮೇಲೆ ಎರಡನೆಯ ಚೀಟಿ ಹಿಡಿದು ಗೊಲ್ಲಾಳಮ್ಮನ ಹತ್ತಿರ ಹೋದರು. ಸರ್ಟಿಫಿಕೇಟ್ ಎಂದು ತಿಳಿದು ಅವಳು ಬೆವರಿದ ಕೈಯನ್ನು ಅಂಗಿಗೆ ಒರೆಸಿಕೊಂಡು ನಗುತ್ತ ಚಾಚಿದ್ದಳು.

ಈಗ ಲಕೋಟೆ ವಾಪಸು ಇಸಿದುಕೊಳ್ಳುವಾಗಲೂ ಅವಳು ಸಿಟ್ಟಾಗಲಿಲ್ಲ. "ಒಂದೇ ಬಾಟ್ಲಿ, ಟೀಚರ್. ನೀವು ಅಲ್ಲೇ ನಿಂತಿದ್ರಿ. ನಂದು ತಪ್ಪಿಲ್ಲಂತ ಬರೀಬ್ಯಾಡ್ರಿ. ಕಂಡದ್ದಷ್ಟ ಬರದು ಸಹಿ ಮಾಡ್ರಿ, ಸಾಕು."

"ನೋಡೋಣವ್ವಾ. ನಾಳಿ ಬಾ."

ಅವಳು ಮರುದಿನ ಬಂದಳು. ಅದರ ಮರುದಿನವೂ ಬಂದಳು. ಹಂಪಮ್ಮ ಹನ್ನೊಂದು ವರ್ಷದಿಂದ ಹಂಗಾಮಿ ಟೀಚರ್. ಕಾಯಂ ಮಾಡುವ ಕಾಗದ ಬಸವಂತರಾಯರ ಮೇಜಿನ ಮೇಲಿತ್ತು. ಬರೆಯಲು ಕೂತಾಗಲೆಲ್ಲ ಬಾಟಲಿ ಎಂಬ ಪದದ ಮುಂದೆ ಪೆನ್ನು ನಿಲ್ಲುತ್ತಿತ್ತು. ಆರನೆಯ ದಿನ ಒಂದು ಹಾಳೆ ಕೊಟ್ಟರು. ಹುಡುಗಿ ಬಡ ಮನೆಯವಳು, ಶಿಸ್ತಿನವಳು, ಒಳ್ಳೆಯ ನಡತೆಯವಳು ಎಂದು ಅದರಲ್ಲಿತ್ತು.

ಕನ್ನಡದಲ್ಲಿದ್ದುದರಿಂದ ಗೊಲ್ಲಾಳಮ್ಮ ತಾನೇ ಓದಿಕೊಂಡಳು. ಓದಿ ಮಡಚಿದಳು.

"ಇದು ಸಾಲಿ ಬಿಡುವಾಗ ಕೊಡೋ ಸರ್ಟಿಫಿಕೇಟ್ ಆತಲ್ರಿ, ಟೀಚರ್," ಎಂದಳು. ಹೋಗುವಾಗ ಬಾಗಿಲನ್ನು ಸಪ್ಪಳವಾಗದಂತೆ ಮುಂದೆ ಮಾಡಿಕೊಂಡು ಹೋದಳು.

ಅವಳಿಗೆ ನಾಲ್ಕು ವರ್ಷ ನಿಷೇಧವಾಯಿತು. ಸಂಘದವರು ಬೋನಾಳಕ್ಕೆ ಹೋಗಿ ರೇಸಿನ ಸೈಕಲ್ ವಾಪಸು ತಂದರು. ರೇಣು ರೈಲ್ವೆಗೆ ಸೇರಿದಳು. ಜೂನ್ ತಿಂಗಳಲ್ಲಿ ಹಂಪಮ್ಮ ಕಾಯಂ ಆದರು. ಆಗಸ್ಟ್ ಹದಿನೈದರಂದು ಧ್ವಜ ಹಾರಿಸಿದ ಮೇಲೆ ಬಸವಂತರಾಯರು ಮಕ್ಕಳಿಗೆ ಉದ್ದೀಪನ ಮದ್ದಿನ ಕೆಡುಕಿನ ಬಗ್ಗೆ ಭಾಷಣ ಮಾಡಿ, ತಾಲೂಕಿನ ಮಾನ ಕಳೆದವಳೆಂದು ಗೊಲ್ಲಾಳಮ್ಮನ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಂಪಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಅವೂ ತಟ್ಟುತ್ತಿದ್ದವು.

ಆ ಭಾನುವಾರ ಅವರು ಬೋನಾಳದ ಬಸ್ಸು ಹತ್ತಿದರು. ತಾಯಿ ಮಗಳಿಬ್ಬರ ಮುಂದೆಯೂ ನಡೆದದ್ದನ್ನೆಲ್ಲ ಹೇಳಿಬಿಡಬೇಕೆಂದೇ ಹೊರಟಿದ್ದರು.

ತಾಯಿ ಮರಿಲಿಂಗಮ್ಮ ಕಂಬಳಿ ಕೊಡವಿ ಹಾಸಿದಳು. ಟೀಚರ್ ಕೂತಿದ್ದೇ ತಡ, ಬಗ್ಗಿ ಕಾಲು ಮುಟ್ಟಿದಳು. ಹಂಪಮ್ಮ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು.

"ಊರಂಬೋ ಊರೇ ನನ್ನ ಮಗಳಿಗಿ ಬೈತದ್ರಿ. ನೀವೊಬ್ರೇ ಅಕಿ ಸಲುವಾಗಿ ದಿಲ್ಲಿಗಿ ಖರೆ ಖರೆ ಬರದು ಕೊಟ್ರಂತ. ಅಕಿ ಹೇಳ್ಯಾಳ. ದೊಡ್ಡವ್ರು ಕೇಳಲಿಲ್ಲ, ಏನ್ ಮಾಡಾಕಾಗ್ತದ?"

ಗೊಲ್ಲಾಳಮ್ಮ ಆಗಷ್ಟೇ ಭತ್ತದ ನಾಟಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಮೊಣಕಾಲಿನವರೆಗೆ ಕೆಸರು ಒಣಗಿ ಬಿರಿದಿತ್ತು.

"ಇಲ್ಲಬೇ, ನಾ ಏನು..." ಎಂದು ಹಂಪಮ್ಮ ಬಾಯಿ ತೆರೆದರು.

"ಯವ್ವಾ, ಕುರಿ ಗದ್ದಿ ಕಡಿ ಹೊಂಟಾವ ನೋಡು, ಜಲ್ದಿ ಹೋಗು," ಎಂದಳು ಗೊಲ್ಲಾಳಮ್ಮ.

ತಾಯಿ ಕೋಲು ಹಿಡಿದು ಓಡಿದಳು. ಮಗಳು ಒಲೆಯ ಮುಂದೆ ಕೂತು ಚಹಾದ ನೀರಿಟ್ಟಳು.

"ಗೊಲ್ಲಾಳಿ, ನಾ ಹೇಳಾಕಂತನ ಬಂದೀನಿ."

"ಅಕಿಗಿ ಹೇಳಬ್ಯಾಡ್ರಿ." ಅವಳು ಒಲೆಯಿಂದ ಮುಖ ತಿರುಗಿಸಲಿಲ್ಲ. "ಎರಡ ತಿಂಗಳು ಸರಿಯಾಗಿ ಉಂಡಿದ್ದಿಲ್ಲ. ಯಾರೋ ಒಬ್ಬರು ನಮ್ಮ ಕಡಿ ಅದಾರಂತ ಅಂದ ಮ್ಯಾಲ ಉಣ್ಣಾಕತ್ಯಾಳ."

"ಮತ್ತ ನಿನಗ?"

"ನನಗೇನ್ರಿ. ನಾ ಅಲ್ಲೇ ಇದ್ದೆನಲ್ರಿ." ಚಹಾಪುಡಿ ಹಾಕಿದಳು. "ಸಕ್ಕರಿ ಎಷ್ಟ ಹಾಕ್ಲಿ?"

ಹಂಪಮ್ಮ ಎಷ್ಟೆಂದು ಹೇಳಿದರೋ ಅವರಿಗೇ ನೆನಪಿಲ್ಲ. ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಬೇಡವೆಂದರೂ ಮರಿಲಿಂಗಮ್ಮ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ಬಸ್ಸು ತುಂಬಿತ್ತು. ಅವಳು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಒಳಗೆ ಕೇಳುವಂತೆ ಕೂಗಿದಳು: "ನಮ್ಮ ಟೀಚರ್ ಅದಾರ್ರೀ, ಯಾರರೆ ಒಂದಿಷ್ಟ ಜಾಗಾ ಮಾಡಿ ಕೊಡ್ರಿ!"

ಮುಂದಿನ ಸೀಟಿನ ಮುದುಕನೊಬ್ಬ ಎದ್ದು, ಟವೆಲಿನಿಂದ ಸೀಟಿನ ಧೂಳು ಹೊಡೆದು, "ಕೂಡ್ರಿ ತಾಯಿ" ಎಂದು ಹಿಂದೆ ಸರಿದ. ಬಸ್ಸು ಕಾಲುವೆಯ ಸೇತುವೆ ದಾಟಿತು. ಹಂಪಮ್ಮ ಖಾಲಿ ಸೀಟಿನ ಪಕ್ಕದಲ್ಲಿ ಕಂಬಿ ಹಿಡಿದು ನಿಂತೇ ಇದ್ದರು. ಮುದುಕನೂ ನಿಂತೇ ಇದ್ದ.