ಶನಿವಾರದ ತಲೆಪಾಲು

ನನಗೆ ಮರೆವು ಬಂದಿದೆ ಅಂತ ಯಾರು ಹಬ್ಬಿಸಿದ್ದು? "ತಾತ ಎಲ್ಲ ಕಲಸಿ ಹೇಳ್ತಾರೆ" ಅಂತ ಮನೆಯವರ ಫೋನ್ ಗುಂಪಿನಲ್ಲಿ ಹಾಕಿದಿರಲ್ಲ, ನಿಮ್ಮ ಬಾಯಿಗೆ ಬೀಗ ಜಡಿಯ. ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆಯುತ್ತದೆ, ಒಪ್ಪಿದೆ. ಆ ದನ ಬಿದ್ದ ಶನಿವಾರ ಮರೆಯುವುದಿಲ್ಲ. ಅದರ ಹಗ್ಗ ಹಿಡಿದಿದ್ದವನು ನಾನೇ. ಸುಮ್ಮನೆ ಕೇಳಿ.

ನಮ್ಮ ಕಸಾಯಿಖಾನೆಯಲ್ಲಿ ತಲೆ ಮೇಜಿನ ಕೆಲಸ ಒಬ್ಬನದೇ. ಬುರುಡೆಯನ್ನು ಒಂದೇ ಏಟಿಗೆ ಸೀಳುತ್ತಿದ್ದ, ಮಿದುಳು ಒಂದಿಷ್ಟೂ ಒಡೆಯದೆ ಬೆಣ್ಣೆಮುದ್ದೆಯ ಹಾಗೆ ಕೈಗೆ ಬರುತ್ತಿತ್ತು. ಅದಕ್ಕೇ ಅವನು ಒಂದೇಟಣ್ಣ. ಮಿದುಳನ್ನು ಕೊಳ್ಳುವವರು ಕಡಿಮೆ. ಶನಿವಾರ ಉಳಿದದ್ದನ್ನು ಕೆಲಸದವರೇ ಮನೆಗೆ ಒಯ್ಯುವುದು ವಾಡಿಕೆ. ಅದಕ್ಕೆ ತಲೆಪಾಲು ಅನ್ನುತ್ತಿದ್ದೆವು.

ಒಂದೇಟಣ್ಣನಿಗೆ ಒಬ್ಬಳೇ ಮಗಳು, ಆಗ ಒಂಬತ್ತು ವರ್ಷ. ಮಿದುಳು ತಿಂದರೆ ಮಕ್ಕಳ ಬುದ್ಧಿ ಚುರುಕಾಗುತ್ತದೆ ಅಂತ ಅವನ ಅಪ್ಪ ಹೇಳಿದ್ದನಂತೆ. ಇವನಿಗೂ ಅದರ ರುಚಿ ಅಂದರೆ ಪ್ರಾಣ. ಆದರೂ ಮಗಳು ಹುಟ್ಟಿದ ಮೇಲೆ ಒಂದು ತುಣುಕು ಬಾಯಿಗಿಟ್ಟವನಲ್ಲ. ಹೆಂಡತಿಗೆ ಆ ವಾಸನೆಯೇ ಆಗದು. "ನಿಮ್ಮ ಮಗಳು, ನಿಮ್ಮ ಬಾಣಲೆ, ನೀವೇ ಮಾಡ್ಕೊಳ್ಳಿ" ಅಂತ ಹೊರಗೆ ಹೋಗಿ ಕೂರುವಳು. ಇವನು ಈರುಳ್ಳಿ, ಮೆಣಸು ಹಾಕಿ ಹುರಿದು ಬಡಿಸುವನು. ಮಗಳು ತಟ್ಟೆ ನೆಕ್ಕಿ "ಇನ್ನೊಂಚೂರು ಹಾಕಪ್ಪಾ" ಅನ್ನುವಳು. ಅದನ್ನು ಕೇಳುವುದಕ್ಕೇ ಇವನು ಮೊದಲ ಸಲ ಕಡಿಮೆ ಬಡಿಸುತ್ತಿದ್ದ, ಕಳ್ಳ.

ಆ ಶನಿವಾರ ಒಂದು ದನ ಇಳಿಜಾರು ಹಲಗೆಯ ಮೇಲೆ ನಿಂತಲ್ಲೇ ನಡುಗಿತು. ಹಿಂಗಾಲು ಅಡ್ಡಾದಿಡ್ಡಿ ಹಾಕಿ ದೊಪ್ಪೆಂದು ಬಿತ್ತು. ಅಂಥದ್ದನ್ನು ಬೇರೆ ಕಟ್ಟಬೇಕು, ದನದ ಡಾಕ್ಟರು ನೋಡುವವರೆಗೆ ಮುಟ್ಟಬಾರದು ಅಂತ ನಿಯಮ. ಅವರು ಬರುವುದು ಸೋಮವಾರ.

"ನೆಲ ಒದ್ದೆ ಇದೆ ಕಣೋ, ಜಾರಿ ಬಿತ್ತು" ಅಂದೆ ನಾನು.

"ಜಾರಿದ್ದೇ ಬಿಡು" ಅಂದ ಒಂದೇಟಣ್ಣ.

ನೆಲ ಒಣಗಿತ್ತು. ದನವನ್ನು ಅವತ್ತೇ ಕಡಿದೆವು. ಅವತ್ತಿನ ತಲೆಪಾಲು, ಅದೇ ದನದ ಮಿದುಳು, ಅವನದು.

ಹುಡುಗಿ ನಿಜವಾಗಿಯೂ ಚುರುಕು. ದೊಡ್ಡವಳಾಗಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸಕ್ಕೆ ಸೇರಿದಳು. ಗೋಡೆಗೆ ಇನ್ನೂರು ಗೂಡು, ಕಣ್ಣೆತ್ತಿ ನೋಡದೆ ಕಾಗದ ಹಾಕುವಳು. "ನನ್ನ ಬಾಣಲೆಯ ಮಹಿಮೆ!" ಅಂತ ಅಪ್ಪ ಬೀದಿಯಲ್ಲೆಲ್ಲ ಬೀಗಿದ್ದೇ ಬೀಗಿದ್ದು. ಅವಳನ್ನು ಪೋಸ್ಟಮ್ಮ ಅಂತಲೇ ಕರೆಯುತ್ತಿದ್ದ.

ಮೂವತ್ತು ತುಂಬುವ ಮೊದಲು, ಒಂದು ಬೆಳಗ್ಗೆ, ಪೋಸ್ಟಮ್ಮ ಆ ದಿನದ ಕಾಗದಗಳನ್ನೆಲ್ಲ ಒಂದೇ ಗೂಡಿಗೆ ತುರುಕಿ ಅಳುತ್ತ ನಿಂತಿದ್ದಳು. ಆಮೇಲೆ ಮನೆಯ ದಾರಿ ಮರೆತಳು. ನಡಿಗೆ ತಪ್ಪಿತು. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಲ್ಲೇ ನಡುಗಿ ಬಿದ್ದದ್ದನ್ನು ಒಂದೇಟಣ್ಣ ನೋಡಿದ. ಆ ಬೀಳುವಿಕೆಯನ್ನು ಅವನು ಹಿಂದೆ ಒಮ್ಮೆ ನೋಡಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಳು, "ಚಿಕ್ಕಂದಿನಲ್ಲಿ ಏನೇನು ತಿಂತಿದ್ರು?"

ಇವನು ಹೇಳಿದ. ಅವಳ ಪೆನ್ನು ನಿಂತಿತು.

"ಮಿದುಳು ತೂತು ಬೀಳ್ತಾ ಹೋಗೋ ಕಾಯಿಲೆ ಇದು. ತಾನಾಗೇ ಬರೋದೂ ಇದೆ, ರೋಗದ ದನದಿಂದ ಬರೋದೂ ಇದೆ. ವರ್ಷಗಟ್ಟಲೆ ಒಳಗೇ ಮಲಗಿರತ್ತೆ. ಮದ್ದಿಲ್ಲ ಯಜಮಾನ್ರೇ. ಎರಡ್ರಲ್ಲಿ ಯಾವ್ದು ಅಂತ ಖಚಿತ ಆಗೋದು ಆಮೇಲೇನೇ, ಮಿದುಳನ್ನ ತೆಗೆದು ನೋಡಿದಾಗ."

"ಆಮೇಲೆ ಅಂದ್ರೆ?"

ಡಾಕ್ಟರಮ್ಮ ಕಾಗದ ಮಡಿಸಿಟ್ಟು ಅವನ ಪಕ್ಕ ಬಂದು ಕೂತಳು. ಅಲ್ಲಿಂದ ಮುಂದೆ ಅವನಿಗೆ ಹಗಲೂ ಇರುಳೂ ಒಂದೇ ಪ್ರಶ್ನೆ: ನನ್ನ ಕೈಯಿಂದಲೇ ಆಯಿತಾ?

ಕೊನೆಗೊಂದು ಮಧ್ಯಾಹ್ನ ಗಂಜಿ ತಿನ್ನಿಸುತ್ತ ತಡೆಯಲಾರದೆ ಹೇಳಿಯೇಬಿಟ್ಟ. "ನಾನೇ ಕಣಮ್ಮಾ. ಆ ದನ ಜಾರಿರ್ಲಿಲ್ಲ. ಗೊತ್ತಿದ್ದೂ ತಂದೆ."

ಅವಳು ಮಾತು ನಿಲ್ಲಿಸಿ ಹತ್ತು ದಿನವಾಗಿತ್ತು. ಅವನ ಮುಖವನ್ನೇ ನೋಡಿದಳು. ತುಟಿ ಅಲುಗಿತು. "ಇನ್ನೊಂಚೂರು ಹಾಕಪ್ಪಾ."

ಗಂಜಿಗೆ ಅಂದಳೋ, ಮತ್ತೆ ಒಂಬತ್ತು ವರ್ಷದವಳಾಗಿದ್ದಳೋ, ಯಾರಿಗೆ ಗೊತ್ತು? ಆಮೇಲೆ ಅವಳು ಮಾತಾಡಲಿಲ್ಲ. ಹದಿನಾರನೇ ದಿನ ಹೋದಳು.

ಮಿದುಳನ್ನು ಪರೀಕ್ಷಿಸಲು ಒಪ್ಪಿಗೆ ಪತ್ರಕ್ಕೆ ಸಹಿ ಬೇಕಿತ್ತು. ಹೆಂಡತಿ ಅವನ ಅಂಗಿ ಹಿಡಿದು ಜಗ್ಗಿದಳು. "ಸಾಯ್ಸಿದ್ದು ಸಾಲ್ದಾ? ಅವಳ ತಲೆನೂ ಒಡೀಬೇಕಾ ನಿಮಗೆ?" ಅವನು ಸಹಿ ಹಾಕಿ ಡಾಕ್ಟರಮ್ಮನನ್ನು ಒಂದೇ ಮಾತು ಕೇಳಿದ, "ಮೆತ್ತಗೆ ತೆಗೀತೀರಲ್ಲಮ್ಮಾ?" ಸಾವಿರಾರು ಬುರುಡೆ ಸೀಳಿದ ಮನುಷ್ಯ.

ವರದಿ ಬಂತು. ದನದಿಂದ ಬಂದದ್ದೇ. "ಆದ್ರೆ ಯಾವ ದನ, ಎಲ್ಲಿ ತಿಂದಿದ್ದು ಅಂತ ಯಾರೂ ಹೇಳೋಕಾಗಲ್ಲ ಯಜಮಾನ್ರೇ" ಅಂದಳು ಡಾಕ್ಟರಮ್ಮ, ಅವನ ಕೈ ಹಿಡಿದು.

"ಬಿಡಿ ತಾಯಿ. ನಂಗೊತ್ತು."

ಮುಂದಿನ ಶನಿವಾರ ಕಸಾಯಿಖಾನೆಯ ಗೇಟಿಗೆ ಬಂದ. ತಲೆಪಾಲಿನ ಪೊಟ್ಟಣ ಹಿಡಿದು ಹೊರಟವರನ್ನು ಅಡ್ಡಗಟ್ಟಿದ. ಅವನ ಜಾಗಕ್ಕೆ ಬಂದಿದ್ದವನು ನಕ್ಕ. "ಹೋಗಣ್ಣಾ, ಚೆನ್ನಾಗಿ ಬೇಯಿಸಿದ್ರೆ ಎಲ್ಲ ಸತ್ತೋಗತ್ತೆ."

"ನಾನೂ ಚೆನ್ನಾಗೇ ಬೇಯ್ಸಿದ್ದೆ ಕಣಪ್ಪಾ" ಅಂದ ಒಂದೇಟಣ್ಣ.

ನಕ್ಕವನು ಪೊಟ್ಟಣವನ್ನು ಕಸದ ತೊಟ್ಟಿಗೆ ಹಾಕಿದ. ಎಲ್ಲರೂ ಹಾಕಲಿಲ್ಲ. ಹನ್ನೊಂದು ವರ್ಷ, ಪ್ರತಿ ಶನಿವಾರ, ಕಾಲು ಬಿದ್ದುಹೋಗುವವರೆಗೆ ಅವನು ಆ ಗೇಟಿನಲ್ಲಿ ನಿಂತ. ಸಿಕ್ಕವರಿಗೆಲ್ಲ ಮಗಳ ಕತೆ ಹೇಳಿದ, ತನ್ನ ತಪ್ಪನ್ನು ಮಾತ್ರ ಹೇಳಿದ. ಹಗ್ಗ ಹಿಡಿದವನ ಹೆಸರು ಎತ್ತಲೇ ಇಲ್ಲ.

ಹೋದ ತಿಂಗಳು ಅವನೂ ಹೋದ. ಈಗ ಗೇಟಿನಲ್ಲಿ ಯಾರೂ ಇಲ್ಲ, ನನ್ನ ಮಂಡಿಗೆ ನಿಲ್ಲುವ ತ್ರಾಣವಿಲ್ಲ. ಅದಕ್ಕೇ ನಿಮಗೆ ಹೇಳಿದ್ದು. ನಿಮ್ಮ ಮಾವನೋ ಭಾವನೋ ಅಂಥ ಮೇಜಿನ ಮುಂದೆ ನಿಲ್ಲುವವನಾಗಿದ್ದರೆ ಇದನ್ನು ಅವನಿಗೆ ಕಳಿಸಿ. ನೆಲ ಒಣಗಿತ್ತು ಅನ್ನುವುದನ್ನು ಮಾತ್ರ ಬಿಡದೆ ಹೇಳಿ.