ಶಂಕರಮ್ಮನವರ ಶನಿವಾರ

ಊರಾಚೆ ಒಳ್ಳೆಯ ಊಟದ ಜಾಗ ಹುಡುಕುವುದು ಒಂದು ವಿದ್ಯೆ, ಕೊಳ್ಳೇಗಾಲದಲ್ಲಿ ಆ ವಿದ್ಯೆ ತನಗೊಬ್ಬಳಿಗೇ ಒಲಿದಿದೆ ಎಂದು ಕುಸುಮ ಟೀಚರ್ ಹದಿನೆಂಟು ವರ್ಷದಿಂದ ನಂಬಿಕೊಂಡಿದ್ದಳು. ಊರಂಚಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು, ಸರಿ. ಆದರೆ ಅವಳು ಮೈಯೆಲ್ಲ ಕಣ್ಣಾಗಿ ಮಾಡುತ್ತಿದ್ದ ಕೆಲಸ ಬೇರೆ. ತಿಂಗಳಿಗೊಂದು ಭಾನುವಾರ ಸ್ಟಾಫ್ ರೂಮಿನ ಎಂಟೊಂಬತ್ತು ಜನರನ್ನು ಹೊರಡಿಸಿಕೊಂಡು ಯಾವುದೋ ರಸ್ತೆಯ ಯಾವುದೋ ತಿರುವಿನಲ್ಲಿರುವ ಹೋಟೆಲಿಗೆ ಕರೆದೊಯ್ದು ಹೊಟ್ಟೆ ತುಂಬ ಉಣ್ಣಿಸಿಕೊಂಡು ಬರುವುದು.

ಅದಕ್ಕೆ ಅವಳದೇ ಪರೀಕ್ಷೆಗಳಿದ್ದವು. ಬೋರ್ಡು ನೋಡಬಾರದು, ಹೊರಗೆ ನಿಂತ ಗಾಡಿ ನೋಡಬೇಕು. ಕಬ್ಬಿನ ಲಾರಿ ನಿಂತಿದ್ದರೆ ಧೈರ್ಯವಾಗಿ ಇಳಿಯಬಹುದು. ಏನಿದೆ ಎಂದು ಕೇಳಿದಾಗ ಮೂರಕ್ಕಿಂತ ಹೆಚ್ಚು ಹೆಸರು ಹೇಳಿದರೆ ನೀರು ಕೂಡ ಕುಡಿಯದೆ ಎದ್ದು ಬರಬೇಕು. ಹೋಟೆಲಿನವರ ಮನೆಮಂದಿ ಅದೇ ಪಾತ್ರೆಯಿಂದ ಬಡಿಸಿಕೊಂಡು ತಿನ್ನುತ್ತಿದ್ದರೆ ಕಣ್ಣು ಮುಚ್ಚಿ ಕೂರಬಹುದು. ಮಾಂಬಳ್ಳಿಯಲ್ಲಿ ರೈಸ್ ಮಿಲ್ಲಿನ ಹಿಂದಿದ್ದ ರಾಮಮ್ಮನ ಮನೆಹೋಟೆಲನ್ನು ಅವಳು ಕಂಡುಹಿಡಿದದ್ದು ಹೀಗೇ. ಆಮೇಲೆ ಅರ್ಧ ಯಳಂದೂರು ಅಲ್ಲಿಗೆ ನುಗ್ಗಿತು, ಆದರೆ ಮೊದಲು ಕಂಡವಳು ಕುಸುಮ. ಈ ಮಾತನ್ನು ಅವಳು ಹೋದಾಗಲೆಲ್ಲ ರಾಮಮ್ಮನ ಬಾಯಲ್ಲೇ ಹೇಳಿಸುತ್ತಿದ್ದಳು.

ಊಟವಷ್ಟೇ ಅಲ್ಲ, ಉಣ್ಣುವವರೂ ಅವಳಿಗೆ ಗೊತ್ತು. ಮೀನು ಮಾಂಸ ಮುಟ್ಟದ ಗಣಿತದ ಶಿವಕುಮಾರಸ್ವಾಮಿಗೆ ಬೇರೆ ಪಾತ್ರೆಯ ಅವರೆಕಾಳು ಸಾರು. ಪಿ.ಟಿ. ಮೇಷ್ಟ್ರು ಶಾಂತರಾಜುಗೆ ಈರುಳ್ಳಿ ಮೊದಲು, ಮಿಕ್ಕಿದ್ದು ಆಮೇಲೆ. ಹೆಡ್‌ಮಿಸ್ಟ್ರೆಸ್ ಶಂಕರಮ್ಮನವರಿಗೆ ಮೀನು ಸಿಕ್ಕಿದ ದಿನ ತಲೆಯ ಭಾಗವನ್ನು ಯಾರೂ ಮುಟ್ಟದ ಹಾಗೆ ಎತ್ತಿಡಬೇಕು. "ನೀನು ನಮ್ಮವ್ವನಿಗಿಂತ ಚೆನ್ನಾಗಿ ನೋಡ್ಕತೀಯ ಕಣೆ" ಎಂದು ಅವರು ಒಮ್ಮೆ ಅಂದಿದ್ದರು. ಕುಸುಮ ಅದನ್ನು ಇಂದಿಗೂ ಮರೆತಿರಲಿಲ್ಲ.

ಹೀಗಿರುವಾಗ ಜೂನ್ ತಿಂಗಳಲ್ಲಿ ಧನುಶ್ರೀ ಬಂದಳು.

ಇಪ್ಪತ್ತೆಂಟು ವರ್ಷ, ವಿಜ್ಞಾನದ ಟೀಚರ್, ಊರು ಗೋಪಿನಾಥಂ. ಕಾಡು ದಾಟಿದರೆ ತಮಿಳುನಾಡು ಎನ್ನುವಂಥ ಜಾಗದಿಂದ ಬಂದವಳು. ಒಂದು ಸ್ಕೂಟರ್ ಇತ್ತು, ಯಾರ ಜೊತೆ ಬೇಕಾದರೂ ಮಾತಿಗೆ ನಿಲ್ಲುವ ಬಾಯಿತ್ತು. ಮೊದಲ ಎರಡು ತಿಂಗಳು ಕುಸುಮ ಕರೆದಲ್ಲಿಗೆ ಬಂದು, ಬಡಿಸಿದ್ದನ್ನು ತಿಂದು, "ಸೂಪರ್ ಕುಸುಮಕ್ಕ" ಅಂದಳು. ಒಳ್ಳೆಯ ಹುಡುಗಿ ಎಂದು ಕುಸುಮಳಿಗೂ ಅನ್ನಿಸಿತ್ತು. ಮೂರನೆಯ ತಿಂಗಳು ಆ ಒಳ್ಳೆಯ ಹುಡುಗಿ ಬಾಯಿ ಬಿಟ್ಟಳು.

"ಹನೂರು ರೋಡಲ್ಲಿ ಹುಣಸೆಮರದ ಕೆಳಗೆ ಒಂದು ಶೆಡ್ ಐತೆ. ನಮ್ಮೂರಿನ ಸೋಮಮ್ಮ ಅಂತ. ಮೀನು ಮಾಡ್ತಾರೆ. ಈ ಸಲ ಅಲ್ಲಿಗೋಗಣ್ವಾ?"

ಹೋದರು. ಸೋಮಮ್ಮನ ಗಂಡ ಚಿಕ್ಕಮಾದಯ್ಯ ಬೆಳಗಿನ ಬಸ್ಸಿನಲ್ಲಿ ಊರ ಕಡೆಯ ಹೊಳೆಮೀನು ತರಿಸುತ್ತಿದ್ದ. ಸೋಮಮ್ಮ ಅದನ್ನು ಅವರ ಕಡೆಯ ರೀತಿಯಲ್ಲಿ ಹುಳಿ ಮುಂದು ಮಾಡಿ ಮಣ್ಣಿನ ಮಡಕೆಯಲ್ಲಿ ಕುದಿಸಿ, ಹಿಂದಿನ ದಿನದ ಕೊಳಂಬು, ಅಂದರೆ ಹಳೆಯ ಮೀನುಸಾರು, ಅದೂ ಬೇಕೇನು ಎಂದು ಕೇಳಿ ಬಡಿಸುತ್ತಿದ್ದಳು. ಧನುಶ್ರೀ ಹೇಳಿ ಮಾಡಿಸಿದ್ದ ಕಾಳುಸಾರನ್ನು ಶಿವಕುಮಾರಸ್ವಾಮಿ, ಮೀನನ್ನು ಉಳಿದವರು, ಒಂಬತ್ತು ಜನವೂ ಎರಡೆರಡು ಸಲ ಬಡಿಸಿಕೊಂಡು ತಿಂದರು. ಶಂಕರಮ್ಮನವರು ಮೀನಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತಾವು ಮೇಡಂ ಎನ್ನುವುದನ್ನೇ ಮರೆತು ಚೀಪಿದರು. ಕೈ ತೊಳೆಯುವಾಗ ಶಾಂತರಾಜು, "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಕಣ್ರಿ ಇದನ್ನ?" ಎಂದು ಧನುಶ್ರೀಯನ್ನು ಕೇಳಿದ.

"ಉಪ್ಪು ಒಂದು ಕಲ್ಲು ಜಾಸ್ತಿ" ಎಂದಳು ಕುಸುಮ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೂ ನಂಬುತ್ತಿರಲಿಲ್ಲ, ಅವಳೇ ನಾಲ್ಕು ತುಂಡು ತಿಂದಿದ್ದಳು.

ಅಂದಿನಿಂದ ಅವಳ ಹೊಟ್ಟೆಯೊಳಗೆ ಉರಿ ಶುರುವಾಯಿತು. ಮುಂದಿನ ಭಾನುವಾರ ಎಲ್ಲಿಗೆ ಎಂದು ಜನ ಧನುಶ್ರೀಯ ಮೇಜಿನ ಹತ್ತಿರ ಹೋಗಿ ಕೇಳತೊಡಗಿದರು. ಧನುಶ್ರೀ ಹೊನ್ನೂರಿನ ಕಡೆ ಒಂದು ಜಾಗ ಹುಡುಕಿದಳು. ಹೊನ್ನೂರು ಕುಸುಮಳ ತವರು! ಹುಟ್ಟಿ ಬೆಳೆದ ಊರಿನಲ್ಲಿ, ತಾನು ನೂರು ಸಲ ಓಡಾಡಿದ ತೆಂಗಿನ ತೋಟದ ಪಕ್ಕದಲ್ಲಿ, ಅಂಥ ಕೋಳಿಸಾರು ಮಾಡುವ ಹೆಂಗಸಿದ್ದಾಳೆಂದು ಗೋಪಿನಾಥಂನಿಂದ ಬಂದವಳು ತೋರಿಸಬೇಕೆ? ಆ ದಿನ ಮನೆಗೆ ಬಂದು ಗಂಡ ಮಹದೇವಸ್ವಾಮಿಯ ಮುಂದೆ ಅರ್ಧ ಗಂಟೆ ಕೂಗಾಡಿದಳು. ಅವನು ಎಲ್ಲವನ್ನೂ ಕೇಳಿ, "ಕೋಳಿ ಚೆನ್ನಾಗಿತ್ತಾ?" ಅಂದ. ಅವತ್ತು ರಾತ್ರಿ ಅವನಿಗೆ ಬರೀ ಮೊಸರನ್ನ.

ತಪ್ಪು ಹುಡುಕಲೇಬೇಕೆಂದು ಒಂದು ಬುಧವಾರ ರಜೆ ಹಾಕಿ, ಬಸ್ಸು ಹತ್ತಿ, ಒಬ್ಬಳೇ ಸೋಮಮ್ಮನ ಶೆಡ್ಡಿಗೆ ಹೋದಳು. ಹೊರಗೆ ಎರಡು ಕಬ್ಬಿನ ಲಾರಿ ನಿಂತಿದ್ದವು. ಏನಿದೆ ಎಂದು ಕೇಳಿದಳು. "ಮೀನು, ಮುದ್ದೆ, ಅನ್ನ. ಇನ್ನೇನಿಲ್ಲ ಕಣವ್ವ" ಎಂದಳು ಸೋಮಮ್ಮ. ಮೂಲೆಯಲ್ಲಿ ಚಿಕ್ಕಮಾದಯ್ಯ ಅದೇ ಮಡಕೆಯಿಂದ ಬಡಿಸಿಕೊಂಡು ತಿನ್ನುತ್ತಿದ್ದ. ತಾನೇ ಮಾಡಿದ ಪರೀಕ್ಷೆಗಳಲ್ಲಿ ಆ ದರಿದ್ರ ಶೆಡ್ಡು ಒಂದೊಂದರಲ್ಲೂ ಪಾಸಾಗುವುದನ್ನು ಕುಸುಮ ಕೂತು ನೋಡಿದಳು.

"ಧನು ಟೀಚರ್ ಕಡೆಯೋರಾ?" ಸೋಮಮ್ಮ ಇನ್ನೊಂದು ಸೌಟು ಸಾರು ಬಿಟ್ಟಳು. "ಆ ಮಗ ಏಳ್ತದೆ, ನಮ್ ಸ್ಕೂಲಲ್ಲಿ ಕುಸುಮಕ್ಕ ಅಂತ ಒಬ್ರವ್ರೆ, ಅವ್ರ ನಾಲ್ಗೆಗೆ ಇಡಿಸ್ಬುಟ್ರೆ ನೀನು ಗೆದ್ದಂಗೆ ಅಂತ. ಅವ್ರು ಬಂದಿದ್ರಂತೆ ಕಣವ್ವ, ಏನಂದ್ರೋ ಗೊತ್ತಾಗ್ನಿಲ್ಲ."

"ನಂಗೂ ಗೊತ್ತಿಲ್ಲ" ಎಂದಳು ಕುಸುಮ. ಹೊಗಳಿಸಿಕೊಂಡೂ ಮೈ ಉರಿಯುತ್ತದೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ.

ಜನವರಿಯಲ್ಲಿ ಶಂಕರಮ್ಮನವರ ನಿವೃತ್ತಿ. ತಿಂಗಳ ಕೊನೆಯ ದಿನ ಶನಿವಾರ ಬಿದ್ದಿತ್ತು. ಶನಿವಾರವೆಂದರೆ ಬೆಳಗಿನ ಸ್ಕೂಲು, ಹನ್ನೊಂದೂವರೆಗೆ ಗಂಟೆ. ಮಾರನೆಯ ದಿನ ಅವರು ಸಾಮಾನು ತುಂಬಿಸಿಕೊಂಡು ಮೈಸೂರಿಗೆ ಹೊರಡುವವರಿದ್ದರು. ಹಾಗಾಗಿ ಬೀಳ್ಕೊಡುಗೆಯ ಊಟ ಅವತ್ತೇ ಆಗಬೇಕು. ಅವರಿಲ್ಲದ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಮಾತು ಎದ್ದಿತು. ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆಂದು ಮೇಡಂಗೆ ಕೊನೆಯವರೆಗೂ ಹೇಳಬಾರದು ಎಂದೂ ತೀರ್ಮಾನವಾಯಿತು.

ನಮ್ಮ ಸೀಮೆಯ ಬಾಡು, ಅಂದರೆ ಮೀನು ಮಾಂಸ, ತಿನ್ನುವ ಮನೆಗಳಲ್ಲಿ ಎರಡು ಬಗೆ. ಮಲೆಯ ಮಾದಪ್ಪನ ಒಕ್ಕಲಾದರೆ ಸೋಮವಾರ ಬಾಡು ಮುಟ್ಟುವುದಿಲ್ಲ, ಬಿಳಿಗಿರಿ ರಂಗಪ್ಪನ ಒಕ್ಕಲಾದರೆ ಶನಿವಾರ. ಶಂಕರಮ್ಮನವರದು ಶನಿವಾರದ ಮನೆ ಎಂಬುದು ಆ ಸ್ಕೂಲಿನಲ್ಲಿ ಕುಸುಮಳಿಗೊಬ್ಬಳಿಗೇ ಗೊತ್ತಿತ್ತು. ಶನಿವಾರ ಯಾರೂ ಸ್ಕೂಲಿನಲ್ಲಿ ಡಬ್ಬಿ ಬಿಚ್ಚುವುದಿಲ್ಲ, ತಿಂಗಳ ಊಟ ಭಾನುವಾರ, ಇನ್ನು ಗೊತ್ತಾಗುವುದಾದರೂ ಹೇಗೆ? ಒಂದು ಎಲೆಕ್ಷನ್ ಡ್ಯೂಟಿಯಲ್ಲಿ ಹನೂರಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದಾಗ ಅವರು ಬರೀ ಬಾಳೆಹಣ್ಣು ತಿಂದು ಮಲಗಿದ್ದರು. "ಶಿವನ ಹೆಸರು ನಮ್ಮಜ್ಜಿದು, ಒಕ್ಕಲು ರಂಗಪ್ಪಂದು. ಶನಿವಾರ ಬಾಡು ಬೆಂದ ಒಲೆಯಿಂದ ನಾನು ಅನ್ನಾನೂ ಮುಟ್ಟಲ್ಲ ಕಣೆ" ಎಂದಿದ್ದರು.

ಆದ್ದರಿಂದ ಕುಸುಮ ಸರಿಯಾದ ಜಾಗವನ್ನೇ ಹೇಳಿದಳು: ಮಾಂಬಳ್ಳಿಯ ರಾಮಮ್ಮ. ಅವಳದೂ ಶನಿವಾರದ ಮನೆ, ಅವತ್ತು ಅವಳ ಒಲೆಯ ಮೇಲೆ ಉಪ್ಸಾರು, ಕಾಳುಪಲ್ಯ, ಮುದ್ದೆ ಬಿಟ್ಟರೆ ಬೇರೇನೂ ಏರುವುದಿಲ್ಲ. ಕಾರಣವನ್ನು ಹೇಳಬೇಕು ಅನ್ನುವಷ್ಟರಲ್ಲಿ ಶಾಂತರಾಜು ಬಾಯಿ ಹಾಕಿದ.

"ಏನ್ ಕುಸುಮಾ ಮೇಡಂ, ಮೂವತ್ತೈದು ವರ್ಷ ಸರ್ವೀಸ್ ಮಾಡಿದೋರಿಗೆ ಉಪ್ಸಾರು ಉಣ್ಣಿಸಿ ಕಳಿಸ್ತೀರಾ? ಧನುಶ್ರೀ, ನೀವೇಳ್ರಿ."

ಎಲ್ಲರೂ ನಕ್ಕರು. ಸೋಮಮ್ಮನ ಮೀನಿಗೆ ಏಳು ಕೈ ಎದ್ದವು. ಕಾಳುಸಾರು ಸಿಕ್ಕರೆ ಸಾಕೆನ್ನುವ ಶಿವಕುಮಾರಸ್ವಾಮಿಯ ಕೈ ಕೂಡ! ಕುಸುಮಳ ಬಾಯಿಗೆ ಬಂದಿದ್ದ ಮಾತು ಹಾಗೇ ಒಳಗೆ ಹೋಯಿತು. ಹೇಳಿಬಿಟ್ಟಿದ್ದರೆ ಅವಳೇ ಗೆಲ್ಲುತ್ತಿದ್ದಳು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಗೆಲುವು ಸಾಕಾಗಲಿಲ್ಲ. ಆ ಹುಡುಗಿ ಎಲ್ಲರ ಮುಂದೆ ಮುಗ್ಗರಿಸುವುದನ್ನು ನೋಡಬೇಕಾಗಿತ್ತು.

ಸಂಜೆ ಸ್ಕೂಟರ್ ಹತ್ತುವ ಮೊದಲು ಧನುಶ್ರೀ ಅವಳ ಹತ್ತಿರ ಬಂದಳು. "ಕುಸುಮಕ್ಕ, ಬೇಜಾರ್ ಮಾಡ್ಕಬೇಡಿ. ಒಂದು ಕೇಳ್ಬೇಕಿತ್ತು. ನಮ್ ಕಡೆ ಎಲ್ಲಾ ಸೋಮವಾರದೋರು, ಈ ಕಡೆ ನಂಗೆ ತಿಳಿಯಲ್ಲ. ಮೇಡಂ ಶನಿವಾರದೋರಲ್ಲ ತಾನೇ?"

ಕುಸುಮ ಬ್ಯಾಗಿನ ಜಿಪ್ಪು ಎಳೆದಳು. "ಶಂಕರಮ್ಮ ಅಂತ ಹೆಸರಿಟ್ಕಂಡು ಶನಿವಾರದೋರಾಗ್ತಾರೇನೆ?"

ಧನುಶ್ರೀ ನಕ್ಕು, ಥ್ಯಾಂಕ್ಸ್ ಹೇಳಿ ಹೋದಳು. ತಾನು ಸುಳ್ಳು ಹೇಳಲಿಲ್ಲ, ಬರೀ ಒಂದು ಪ್ರಶ್ನೆ ಕೇಳಿದೆ ಎಂದು ಕುಸುಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಹನ್ನೆರಡು ದಿನ ಇದ್ದವು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡೋಣ ಅಂದುಕೊಳ್ಳುವಳು. ಸ್ಟಾಫ್ ರೂಮಿಗೆ ಕಾಲಿಟ್ಟರೆ ಯಾರಾದರೂ ಧನುಶ್ರೀಯ ಮೇಜಿಗೆ ಒರಗಿಕೊಂಡು ಮೀನಿನ ಮಾತಾಡುತ್ತಿರುವರು. ಮತ್ತೆ ಬಾಯಿಗೆ ಬೀಗ.

ಶನಿವಾರ ಬಂತು. ಭಾಷಣ, ಹಾರ, ಮಕ್ಕಳ ಅಳು ಎಲ್ಲ ಮುಗಿಸಿ ಎರಡು ಕಾರುಗಳಲ್ಲಿ ಹೊರಟರು. ಶಂಕರಮ್ಮನವರು ಕುಸುಮಳ ಪಕ್ಕದಲ್ಲೇ ಕೂತರು. ಕಾರು ರಾಮಮ್ಮನ ಹೋಟೆಲಿರುವ ಯಳಂದೂರಿನ ಕಡೆ ತಿರುಗದೆ ಹನೂರು ರಸ್ತೆಗೆ ಹೊರಳಿದಾಗ ಒಮ್ಮೆ ಅವಳ ಮುಖ ನೋಡಿದರು. ಅವಳು ಕಿಟಕಿಯಾಚೆ ನೋಡಿದಳು. ಅವರು ಏನೂ ಕೇಳಲಿಲ್ಲ.

ಹುಣಸೆಮರದ ಕೆಳಗೆ ಸೋಮಮ್ಮ ಸಾರಿಸಿ ರಂಗೋಲಿ ಹಾಕಿದ್ದಳು. ಮೇಡಂ ಬಂದು ಕಾಯಬಾರದೆಂದು ಅವರ ಎಲೆಗೆ ಮೊದಲೇ ಬಡಿಸಿಟ್ಟಿದ್ದಳು. ಬಾಳೆಲೆಯ ನಡುವೆ ಅನ್ನ, ಮುದ್ದೆ, ಅದರ ಪಕ್ಕದಲ್ಲಿ ಅಂಗೈಗಿಂತ ದೊಡ್ಡ ಮೀನಿನ ತಲೆ. ಚಿಕ್ಕಮಾದಯ್ಯ ಅದನ್ನು ಮೂರು ದಿನ ಮೊದಲೇ ಹೇಳಿ ತರಿಸಿದ್ದನಂತೆ. ಧನುಶ್ರೀ ಪಕ್ಕದಲ್ಲಿ ನಿಂತು ಮೇಡಂ ಮುಖವನ್ನೇ ನೋಡುತ್ತಿದ್ದಳು.

ಶಂಕರಮ್ಮನವರು ಕೈ ತೊಳೆದು ಬಂದು, ಎಲೆಯನ್ನು ನೋಡಿ ನಿಂತುಬಿಟ್ಟರು. ಆಮೇಲೆ ಬಡಿಸಿದ ಎಲೆಗೆ ಕೈ ಮುಗಿದು, "ಇವತ್ತು ಶನಿವಾರ ಕಣವ್ವ" ಎಂದು ಸೋಮಮ್ಮನಿಗೆ ಮೆಲ್ಲಗೆ ಹೇಳಿದರು. "ನಮ್ದು ರಂಗಪ್ಪನ ಒಕ್ಕಲು. ನೀವು ಬೇಜಾರ್ ಮಾಡ್ಕಬೇಡಿ. ಒಂದೆರಡು ಬಾಳೆಹಣ್ಣಿದ್ರೆ ಕೊಡಿ, ಸಾಕು."

ಸೋಮಮ್ಮ "ಅಯ್ಯಯ್ಯೋ ಸಾಮಿ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕಮಾದಯ್ಯ ಎಳನೀರಿಗೆಂದು ಪಕ್ಕದ ತೋಟಕ್ಕೆ ಓಡಿದ. ಧನುಶ್ರೀಯ ಮುಖ ಬಿಳಿಚಿಕೊಂಡಿತ್ತು. ಹನ್ನೆರಡು ದಿನ ಕುಸುಮ ಕಣ್ಣಲ್ಲಿ ಕಟ್ಟಿಕೊಂಡಿದ್ದ ಮುಖ ಅದೇ. ಈಗ ಎದುರಿಗೇ ಇತ್ತು, ನೋಡಲು ಆಗುತ್ತಿರಲಿಲ್ಲ.

"ಕುಸುಮ ಇದ್ದಾಳಲ್ಲ ಅಂತ ನಾನು ಎಲ್ಲಿಗೆ ಅಂತಾನೂ ಕೇಳ್ಲಿಲ್ಲ" ಎಂದರು ಶಂಕರಮ್ಮ. ಅವರು ಆಕ್ಷೇಪಿಸಿ ಹೇಳಲಿಲ್ಲ, ನಡೆದದ್ದನ್ನು ಹೇಳಿದರು. ಅದೇ ಹೆಚ್ಚು ನಾಟಿತು.

ಧನುಶ್ರೀ ಕುಸುಮಳ ಕಡೆ ತಿರುಗಿದಳು. ಇಬ್ಬರ ಕಣ್ಣೂ ಸೇರಿದವು. ಈಗ ಹೇಳುತ್ತಾಳೆ, ಎಲ್ಲರ ಮುಂದೆ ನನ್ನ ಮಾನ ಕಳೆಯುತ್ತಾಳೆ ಎಂದು ಕುಸುಮ ಹಲ್ಲು ಕಚ್ಚಿ ನಿಂತಳು.

"ತಪ್ಪು ನಂದೇ ಮೇಡಂ" ಎಂದಳು ಧನುಶ್ರೀ. "ಹೊಸಬಳು, ಗೊತ್ತಾಗ್ಲಿಲ್ಲ. ನಾನು ಯಾರನ್ನೂ ಕೇಳ್ಲಿಲ್ಲ."

ಕುಸುಮಳಿಗೆ ತಲೆ ಗಿರ್ರೆಂದಿತು. ಮೀನು ಇವಳದು, ಕೋಳಿ ಇವಳದು, ಸ್ಟಾಫ್ ರೂಮು ಇವಳದು. ಈಗ ಈ ದೊಡ್ಡತನವೂ ಇವಳಿಗೇ ಹೋಗಬೇಕೆ? ನಾಳೆಯಿಂದ ತಾನು ಈ ಹುಡುಗಿಯ ಉಪಕಾರ ಹೊತ್ತು ಓಡಾಡಬೇಕೆ? ಅದೊಂದನ್ನು ಅವಳಿಂದ ಸಹಿಸಲು ಆಗಲಿಲ್ಲ. ಪಶ್ಚಾತ್ತಾಪ ಬಂತೆಂದು ಆಮೇಲೆ ಜನ ಹೇಳಿಕೊಂಡರು. ಮೊದಲು ಬಂದದ್ದು ಹೊಟ್ಟೆಕಿಚ್ಚೇ.

"ಅವಳು ಕೇಳಿದ್ಲು ಮೇಡಂ" ಎಂದುಬಿಟ್ಟಳು ಕುಸುಮ. "ನನ್ನನ್ನೇ ಕೇಳಿದ್ಲು. ನಂಗೆ ಗೊತ್ತಿತ್ತು. ಬೇಕೂ ಅಂತಾನೇ ಹೇಳ್ಲಿಲ್ಲ."

ಶಾಂತರಾಜು ನೆಲ ನೋಡಿದ. ಧನುಶ್ರೀ ಅಳಲು ಶುರು ಮಾಡಿದಳು. ಶಂಕರಮ್ಮನವರು ಕುಸುಮಳನ್ನು ನೋಡಿದರು. ಮೂವತ್ತೈದು ವರ್ಷ ಸುಳ್ಳು ಹೇಳುವ ಮಕ್ಕಳನ್ನು ನೋಡಿದ ಕಣ್ಣು ಅದು, ನಿಜ ಹೇಳಿದ ಮಕ್ಕಳನ್ನು ಹೇಗೆ ನೋಡಬೇಕೆಂದೂ ಅದಕ್ಕೆ ಗೊತ್ತಿತ್ತು.

"ಯಾಕೆ ಅಂತ ಕೇಳಲ್ಲ ಕಣೆ" ಎಂದರು. ತಮ್ಮ ಎಲೆಯ ಮುಂದಿನ ಜಾಗ ತೋರಿಸಿದರು. "ಬಾ, ಇಲ್ಲಿ ಕೂತ್ಕೊ. ನಾನು ಇನ್ನೂ ಮುಟ್ಟಿಲ್ಲ. ಈ ಮನೆಯೋರು ಮೂರು ದಿನದಿಂದ ಕಷ್ಟಪಟ್ಟವ್ರೆ, ದಂಡ ಆಗಬಾರದು. ನೀನು ಉಣ್ಣು."

ಕುಸುಮ ಕೂತಳು. ಉಳಿದವರಿಗೂ ಎಲೆ ಬಿದ್ದವು. ಎದುರಿಗೆ ಶಂಕರಮ್ಮನವರು ಎಳನೀರು ಕುಡಿದು, ಬಾಳೆಹಣ್ಣು ಸುಲಿಯುತ್ತ ಕೂತಿದ್ದರು. ಮೀನಿನ ತಲೆ ಗಬಗಬ ತಿಂದು ಮುಗಿಸುವ ಪದಾರ್ಥವಲ್ಲ. ಬಿಡಿಸಬೇಕು, ಮುಳ್ಳು ಬೇರ್ಪಡಿಸಬೇಕು, ಚೀಪಬೇಕು. ಕೆನ್ನೆ, ಕಣ್ಣು, ಒಳಗಿನ ಎಣ್ಣೆಯಂಥ ಮಾಂಸ ಒಂದೊಂದನ್ನೂ ಅವಳು ಅವರ ಕಣ್ಣೆದುರೇ ತಿಂದಳು. ಮೂಗಿನಿಂದ ನೀರು ಸುರಿಯುತ್ತಿತ್ತು. ಧನುಶ್ರೀ ಕಣ್ಣೊರೆಸಿಕೊಂಡು ಎದ್ದು ಬಂದು ಅವಳ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ಹೆಂಗೈತೆ?" ಎಂದು ಕೇಳಿದರು ಶಂಕರಮ್ಮ.

ಉಪ್ಪು ಒಂದು ಕಲ್ಲೂ ಜಾಸ್ತಿ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳು ಹುಡುಕಿದ ಯಾವ ಜಾಗದಲ್ಲೂ ಇಂಥದ್ದು ಸಿಕ್ಕಿರಲಿಲ್ಲ.

"ಚೆನ್ನಾಗೈತೆ ಮೇಡಂ" ಎಂದಳು ಕುಸುಮ.