ಡಬ್ಬಿ ತುಂಬಾ ಹೆಸರು

ಬಾಣವೇ ಇರಬೇಕು, ಅಥವಾ ಕೊಕ್ಕೆಯೋ, ಪ್ರತಿ ಹಾಡಿನ ಹೆಸರಿನ ಪಕ್ಕದಲ್ಲೂ ಒಂದು ಸೊಟ್ಟ ಗುರುತು, ಇದು ಮೊದಲೂ ಇತ್ತೇ, ಇದ್ದಿರಬಹುದು, ದರ್ಜಿಯಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದಳು, ಕಂಪ್ಯೂಟರಿನದು ಅದೇ ರಾಗ, ಫೈಲ್ ಸಿಗುತ್ತಿಲ್ಲ — ಸಿಗುತ್ತಿಲ್ಲವೆಂದರೇನು, ಹೆಸರೆಲ್ಲ ಕಣ್ಣೆದುರಿಗೇ ಇವೆಯಲ್ಲ, ಹಾರ್ಡ್ ಡಿಸ್ಕಿನ ಪುಟ್ಟ ದೀಪವೂ ಮಿಣುಕುತ್ತಿದೆ, ಮುಟ್ಟಿದರೆ ಬೆಚ್ಚಗಿದೆ, ಒಳಗೆ ಏನೂ ಇಲ್ಲದೆ ಒಂದು ಡಬ್ಬಿ ಬೆಚ್ಚಗಾಗುತ್ತದೆಯೇ. ಪಕ್ಕದಲ್ಲಿ ತಂಗಿ, ಕುತ್ತಿಗೆಗೆ ಬಿಳಿ ಬಟ್ಟೆ, ಗಂಟಲಿನ ಆಪರೇಷನ್ ಆದ ಮೇಲೆ ಮೊದಲ ಸಲ ಬಂದಿದ್ದಾಳೆ, ಇನ್ನು ಹಾಡುವ ಮಾತೇ ಇಲ್ಲವೆಂದರಂತೆ ಡಾಕ್ಟರು, ಚಿಂತೆ ಬಿಡೇ, ನೀನು ಹಾಡಿದ್ದೆಲ್ಲ ನನ್ನ ಹತ್ರ ಜೋಪಾನವಾಗಿದೆ, ಹಾಗೆಂದು ದೊಡ್ಡದಾಗಿ ಹೇಳಿ ಕರೆಸಿದ್ದು ಯಾರು, ದರ್ಜಿಯಕ್ಕನೇ. ಕಂಪ್ಯೂಟರು ತುಂಬಿ ತೆವಳ್ತಿದೆ ಅತ್ತೆ, ಹಾಡುಗಳನ್ನ ಈ ಡಬ್ಬಿಗೆ ಹಾಕ್ಕೊಂಡು ಅಲ್ಲಿಂದ ಅಳಿಸಿಬಿಡಿ, ತುಂಬಾ ಹೊತ್ತು ಹಿಡಿಯತ್ತೆ ಅಂದಿದ್ದ ಅಳಿಯ, ಎಲ್ಲಿ ಹಿಡಿಯಿತು, ಪರದೆಯ ಮೇಲಿದ್ದ ಹೆಸರುಗಳನ್ನು ಎಳೆದು ಬಿಟ್ಟದ್ದೇ ತಡ ಎಲ್ಲ ಒಳಗೆ, ನಾನೂ ಪರವಾಗಿಲ್ಲ ಎಂದು ಬೀಗಿದ್ದೇ ಬೀಗಿದ್ದು, ಆಮೇಲೆ ಕಂಪ್ಯೂಟರಿನಲ್ಲಿದ್ದ ದೊಡ್ಡ ಫೋಲ್ಡರ್ ಅಳಿಸಿದ್ದು — ತಡಿ, ಈ ಹೆಸರುಗಳು ಬರೀ ದಾರಿ ತೋರಿಸೋಕೆ ಅತ್ತೆ, ಹಾಡು ಇರೋದು ಆ ದೊಡ್ಡ ಫೋಲ್ಡರಲ್ಲಿ, ಹೀಗೆಂದಿದ್ದೂ ಅಳಿಯನೇ ಅಲ್ಲವೇ, ಯಾವಾಗ, ಕಂಪ್ಯೂಟರು ಕೂರಿಸಿಕೊಟ್ಟ ದಿನ, ತಲೆಬುಡ ತಿಳಿಯದಿದ್ದರೂ ಹೂಂ ಹೂಂ ಎಂದಿದ್ದಳು, ಹಾಗಾದರೆ ಡಬ್ಬಿಗೆ ಬಂದಿದ್ದು ಹಾಡಲ್ಲವೇ, ಬರೀ ದಾರಿಯೇ, ಇರಲಿ, ಅಳಿಸಿದ್ದು ಕಂಪ್ಯೂಟರಿನ ಕಸದಬುಟ್ಟಿಯಲ್ಲಿ ಉಳಿದಿರುತ್ತದಂತೆ, ಉಳಿದಿರುತ್ತಿತ್ತು, ಇವಳ ಕೈ ಸುಮ್ಮನಿದ್ದಿದ್ದರೆ, ಬಟ್ಟೆಚೂರಿನ ಬುಟ್ಟಿ ಖಾಲಿ ಮಾಡದೆ ಒಂದು ದಿನವೂ ಅಂಗಡಿ ಬಾಗಿಲು ಹಾಕಿದವಳಲ್ಲ, ಅದನ್ನೂ ಖಾಲಿ ಮಾಡಿದ್ದಳು, ಅಚ್ಚುಕಟ್ಟಾಗಿ. ಇಲ್ಲ, ಇರಲಾರದು, ಎಲ್ಲೋ ಇರುತ್ತವೆ, ಅಷ್ಟು ಹಾಡು ಎಲ್ಲಿಗೆ ಹೋಗುತ್ತವೆ, ಇನ್ನೊಮ್ಮೆ ಒತ್ತಿದಳು, ವೈರು ಕಿತ್ತು ಸಿಕ್ಕಿಸಿದಳು, ಒತ್ತಿದಳು, ಸಿಗುತ್ತಿಲ್ಲ. ತಂಗಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು, ಬರೀ ಉಸಿರಿನಲ್ಲಿ, ಯಾವುದಾದ್ರೂ ಸರಿ, ಹಾಕಕ್ಕ. ಹೇಳಬೇಕು, ಈಗಲೇ ಹೇಳಬೇಕು, ಹೇಗೆ ಹೇಳುವುದು, ನಿನ್ನ ದನಿ ನಾನೇ ಚೆಲ್ಲಿಬಿಟ್ಟೆ ಕಣೇ ಎಂದೇ, ತಂಗಿ ಕಣ್ಣು ಮುಚ್ಚಿ ಕೂತಿದ್ದಾಳೆ, ಬೆರಳು ಮೊಣಕಾಲ ಮೇಲೆ ಆಗಲೇ ತಾಳ ಹಾಕುತ್ತಿದೆ, ಪರದೆಯ ಮೇಲೆ ಆ ಸೊಟ್ಟ ಬಾಣ, ಅದರ ಕೆಳಗೆ ಇನ್ನೊಂದು ಸೊಟ್ಟ ಬಾಣ, ಅದರ ಕೆಳಗೆ ಇನ್ನೊಂದು